ಬರೆ ಕೊರೆಯುವ ಮೊದಲು ವಿಮೆ: ಕೊಡಗಿನ ಸಣ್ಣ ಗುತ್ತಿಗೆದಾರರಿಗೆ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳ ಒಂದು ರಾತ್ರಿ ಹತ್ತೂವರೆಗೆ ಮೇಸ್ತ್ರಿಯ ಫೋನ್ ಬಂತು. "ಅಣ್ಣಾ, ಹಿಂದಿನ ಬರೆ ಜರಿದಿದೆ. ಮೇಲಿನ ಮನೆ ಅಕ್ಕನ ಅಡುಗೆಮನೆ ಮೂಲೆ ಹೋಯ್ತು."

ಟಾರ್ಚ್ ಹಿಡಿದು ಓಡಿದೆ. ಬರೆ ಅಂದರೆ ಜಾಗ ಸಮ ಮಾಡಲು ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ. ಬೇಸಿಗೆಯಲ್ಲಿ ನಾವು ಹನ್ನೆರಡು ಅಡಿ ನೇರಕ್ಕೆ ಕೊರೆದಿದ್ದ ಬರೆ ಅದು. ತಡೆಗೋಡೆ ಸೊಂಟದ ಎತ್ತರಕ್ಕೆ ನಿಂತಿತ್ತು. ಹೊದಿಸಿದ್ದ ಟಾರ್ಪಾಲು ಹರಿದು ನೇತಾಡುತ್ತಿತ್ತು. ಮೇಲೆ ಹೋಗಿ ನೋಡಿದರೆ ಅಡುಗೆಮನೆಯ ಒಂದು ಮೂಲೆ ಮಣ್ಣಿನ ಜೊತೆ ಕೆಳಗಿಳಿದಿದೆ. ಉಳಿದ ಗೋಡೆಗೂ ನೆಲಕ್ಕೂ ನಡುವೆ ಕೈ ತೂರುವಷ್ಟು ಸಂದಿ. ಒಲೆ ಮೇಲಿನ ಪಾತ್ರೆ ಮಾತ್ರ ಇಟ್ಟಲ್ಲೇ ಇತ್ತು. ಅಕ್ಕ ಒಳಗಿನ ಕೋಣೆಯಲ್ಲಿ ಮಲಗಿದ್ದರಿಂದ ಜೀವ ಉಳಿಯಿತು.

ನನ್ನ ಹತ್ತಿರ ಪಾಲಿಸಿ ಇತ್ತು, ಧೈರ್ಯವೂ ಇತ್ತು. ಮೂರನೇ ದಿನ ನಷ್ಟ ಅಂದಾಜು ಮಾಡುವ ವಿಮಾ ಸರ್ವೇಯರ್ ಬಂದು ಪಾಲಿಸಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ಕಂಪನದಿಂದಾಗಲಿ, ಆಧಾರ ತೆಗೆದಿದ್ದರಿಂದ ಅಥವಾ ಸಡಿಲವಾಗಿದ್ದರಿಂದಾಗಲಿ ಬೇರೆಯವರ ಆಸ್ತಿಗೆ ಹಾನಿಯಾದರೆ ರಕ್ಷಣೆ ಇಲ್ಲ ಎಂಬ ಸಾಲು. ಬೇಕಿದ್ದರೆ ಅದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಿತ್ತು. ನಮ್ಮ ಜಿಲ್ಲೆಯಲ್ಲಿ ಕೆಲಸ ಶುರುವಾಗುವುದೇ ಬರೆ ತೆಗೆಯುವುದರಿಂದ, ಅಲ್ವಾ? ಅಂದರೆ ನನ್ನ ಅತಿ ದೊಡ್ಡ ಅಪಾಯವನ್ನೇ ಹೊರಗಿಟ್ಟ ಪಾಲಿಸಿಗೆ ನಾನು ದುಡ್ಡು ಕಟ್ಟಿದ್ದೆ. ಅಕ್ಕನ ಅಡುಗೆಮನೆಯನ್ನು ಕೈಯಿಂದಲೇ ಕಟ್ಟಿಸಿಕೊಟ್ಟೆ. ಆ ವರ್ಷದ ಲಾಭ ಅಲ್ಲಿಗೆ ಮುಗಿಯಿತು.

ಆಮೇಲೆ ಪ್ರತಿ ಕೆಲಸಕ್ಕೂ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಮನೆ, ಹೋಂಸ್ಟೇ, ಲೈನ್ ಮನೆ (ತೋಟದ ಕಾರ್ಮಿಕರ ಸಾಲು ಮನೆ), ತಡೆಗೋಡೆ ಇಂಥ ಕೆಲಸ ಮಾಡುವ, ಹತ್ತು ಹದಿನೈದು ಜನರನ್ನು ಇಟ್ಟುಕೊಂಡಿರುವ ಗುತ್ತಿಗೆದಾರರಿಗೆ ಇದು.

ಹೆಜ್ಜೆ 1: ಏಜೆಂಟ್ ಹತ್ತಿರ ಹೋಗುವ ಮೊದಲು ಜಾಗ ಸುತ್ತಿ

ಒಂದು ನೋಟ್‌ಬುಕ್ ಹಿಡಿದು ಸೈಟನ್ನು ಒಂದು ಸುತ್ತು ಹಾಕಿ. ಇಲ್ಲಿ ಏನು ಕೆಟ್ಟರೆ ನನ್ನ ಜೇಬಿನಿಂದ ಎಷ್ಟು ಹೋಗುತ್ತದೆ? ಇದೊಂದೇ ಪ್ರಶ್ನೆ ಕೇಳಿಕೊಳ್ಳಿ. ಬರೆ ಎಷ್ಟು ಎತ್ತರ, ಅದರ ಮೇಲೆ ಯಾರ ಮನೆ, ಯಾರ ತೋಟ? ಮೇಲಿನಿಂದ ನೀರು ಎಲ್ಲಿ ಇಳಿಯುತ್ತದೆ? ನಿವೇಶನ ಗಟ್ಟಿ ನೆಲವೋ, ಮಣ್ಣು ತುಂಬಿಸಿ ಎತ್ತರಿಸಿದ್ದೋ? ಸೆಂಟ್ರಿಂಗ್ ಕಂಬಿ ಎತ್ತಿದರೆ ಚೆಸ್ಕಾಂ ವಿದ್ಯುತ್ ತಂತಿಗೆ ತಾಗುತ್ತದಾ? ಜನ ಕೆಲಸಕ್ಕೆ ಹೇಗೆ ಬರುತ್ತಾರೆ?

ಬರೆದ ಒಂದೊಂದಕ್ಕೂ ಏನು ಮಾಡುತ್ತೀರಿ ಎಂದು ಪಕ್ಕದಲ್ಲೇ ಬರೆಯಿರಿ. ಕೆಲವನ್ನು ಬಿಟ್ಟೇ ಬಿಡಬಹುದು. ಹನ್ನೆರಡು ಅಡಿ ನೇರ ಕೊರೆಯುವ ಬದಲು ಎರಡು ಮೆಟ್ಟಿಲು ಮಾಡಿ ಇಳಿಸಿದರೆ ಅರ್ಧ ಅಪಾಯ ಅಲ್ಲೇ ಹೋಯಿತು. ಕೆಲವನ್ನು ಕಡಿಮೆ ಮಾಡಬಹುದು. ಬರೆಯ ನೆತ್ತಿಯಲ್ಲಿ ಒಂದು ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸುವುದು, ತಡೆಗೋಡೆಯಲ್ಲಿ ನೀರು ಹೊರಬರಲು ಪೈಪು ಬಿಡುವುದು, ಇವಕ್ಕೆ ತಗಲುವುದು ಒಂದೆರಡು ದಿನದ ಕೂಲಿ. ಸಿದ್ದಾಪುರ, ತಿತಿಮತಿ ಕಡೆ ಆನೆ ಓಡಾಡುವ ದಾರಿಯಲ್ಲಿ ಕೆಲಸವಿದ್ದರೆ ಲೇಬರ್ ಶೆಡ್ಡನ್ನು ಸೈಟಿನೊಳಗೇ ಹಾಕಿ, ಬೆಳಕು ಹರಿದ ಮೇಲೆ ಕೆಲಸ ಶುರು ಮಾಡಿ. ಇದಕ್ಕೆ ಯಾವ ಪಾಲಿಸಿಯೂ ಬೇಕಿಲ್ಲ.

ಸಣ್ಣ ಪುಟ್ಟ ನಷ್ಟ ನಾವೇ ತಡೆದುಕೊಳ್ಳಬೇಕು. ನಾಲ್ಕು ಮೂಟೆ ಸಿಮೆಂಟ್ ನೆನೆದಿದ್ದಕ್ಕೆ ಕ್ಲೇಮ್ ಹಾಕಲು ಆಗುವುದಿಲ್ಲ. ಒಂದೇ ಏಟಿಗೆ ನಮ್ಮನ್ನು ಮಲಗಿಸುವಂಥದ್ದು ಯಾವುದೋ ಅದಕ್ಕೆ ವಿಮೆ. ನನ್ನ ಲೆಕ್ಕದಲ್ಲಿ ಅವು ಮೂರು: ಕೆಲಸಗಾರರ ಸಾವು ಅಥವಾ ಅಂಗವೈಕಲ್ಯ, ಬರೆ ಜರಿದು ಪಕ್ಕದವರಿಗೆ ಆಗುವ ಹಾನಿ, ಅರ್ಧ ಕಟ್ಟಿದ ಕಟ್ಟಡ ಹೋಗುವುದು.

ಹೆಜ್ಜೆ 2: ಮೊದಲ ರೂಪಾಯಿ ಕೆಲಸಗಾರರ ವಿಮೆಗೆ

ಕೈಯಲ್ಲಿ ಒಂದೇ ಪಾಲಿಸಿಗೆ ದುಡ್ಡಿದ್ದರೆ ಇದನ್ನೇ ಮಾಡಿಸಿ. ಹಳಬರು ಇದನ್ನು ವರ್ಕ್‌ಮೆನ್ ಪಾಲಿಸಿ ಅನ್ನುತ್ತಾರೆ, ಈಗಿನ ಹೆಸರು ಎಂಪ್ಲಾಯೀಸ್ ಕಾಂಪೆನ್ಸೇಷನ್. ಇದರ ಹಿಂದಿರುವುದು 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಪರಿಹಾರದ ಲೆಕ್ಕ ಹಾಕುವ ರೀತಿ ಮಾತ್ರ ಹಳೆಯದೇ.

ಆ ಲೆಕ್ಕ ಎಲ್ಲರಿಗೂ ಬಾಯಿಪಾಠ ಇರಬೇಕು. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. ಪೂರ್ತಿ ಶಾಶ್ವತ ಅಂಗವೈಕಲ್ಯವಾದರೆ ಕೂಲಿಯ ನೂರಕ್ಕೆ 60 ಭಾಗ. 2020ರ ಜನವರಿಯಲ್ಲಿ ನಿಗದಿಯಾದಂತೆ ಈ ಲೆಕ್ಕಕ್ಕೆ ತಿಂಗಳ ಕೂಲಿಯನ್ನು ಗರಿಷ್ಠ ₹15,000 ಎಂದು ಹಿಡಿಯುತ್ತಾರೆ. 30 ವರ್ಷದ ಗಾರೆ ಕೆಲಸದವನೊಬ್ಬ ಸಾರುವೆಯಿಂದ ಬಿದ್ದು ತೀರಿಕೊಂಡ ಅಂತಿಟ್ಟುಕೊಳ್ಳಿ. ಆ ವಯಸ್ಸಿನ ಅಂಕಿ 207.98. ಅಂದರೆ 7,500 ಗುಣಿಸು 207.98, ಒಟ್ಟು ₹15,59,850. ಅದೇ ಹುಡುಗ ಬದುಕುಳಿದು ಮತ್ತೆಂದೂ ದುಡಿಯಲಾಗದಂತೆ ಹಾಸಿಗೆ ಹಿಡಿದರೆ ₹18,71,820. ಆಸ್ಪತ್ರೆ ಖರ್ಚು ಬೇರೆ. ನಮ್ಮಲ್ಲಿ ಎಷ್ಟು ಜನರ ಹತ್ತಿರ ಇಷ್ಟು ದುಡ್ಡು ಎತ್ತಿಟ್ಟಿದೆ?

"ಅವನದೇ ತಪ್ಪು, ಬೆಲ್ಟ್ ಹಾಕಿರಲಿಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಕುಡಿದಿದ್ದ, ಬೇಕೆಂದೇ ಸುರಕ್ಷತಾ ನಿಯಮ ಮುರಿದ ಎಂಬ ವಾದ ಸಣ್ಣ ಗಾಯಗಳಿಗೆ ನಿಲ್ಲಬಹುದು. ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆದಾಗ ನಿಲ್ಲುವುದಿಲ್ಲ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಊರಿನ ನಾಲ್ಕು ಜನ ಕೂತು, ಮನೆಯವರ ಕೈಗೆ ಒಂದು ಎರಡು ಲಕ್ಷ ಕೊಟ್ಟು, ಸ್ಟಾಂಪ್ ಪೇಪರ್ ಮೇಲೆ "ಇನ್ನು ಯಾವ ಹಕ್ಕೂ ಇಲ್ಲ" ಅಂತ ಬರೆಸಿಕೊಳ್ಳುವುದು. ಕಾನೂನಿನ ಮುಂದೆ ಆ ಕಾಗದಕ್ಕೆ ಬೆಲೆ ಇಲ್ಲ. ಹಕ್ಕು ಬಿಟ್ಟುಕೊಡುವ ಒಪ್ಪಂದವೇ ಅಸಿಂಧು, ಮತ್ತು ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ಮೂರು ತಿಂಗಳ ಕೂಲಿಯಷ್ಟು ಮುಂಗಡ ಬಿಟ್ಟರೆ, ಕೈಗೆ ಕೊಟ್ಟ ದುಡ್ಡು ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲಿಂದಲೋ ದುಡಿಯಲು ಬಂದು ನಮ್ಮ ಸೈಟಿನಲ್ಲಿ ಜೀವ ಬಿಟ್ಟವನ ಹೆಂಡತಿ ಮಕ್ಕಳಿಗೆ ಸಿಗಬೇಕಾದ್ದು ಪೂರ್ತಿ ಸಿಗಲಿ. ಅದಕ್ಕಾಗಿಯೇ ಈ ಪಾಲಿಸಿ.

ಮಾಡಿಸುವಾಗ ನೋಡಬೇಕಾದ್ದು ಇಷ್ಟು. ನಮ್ಮಲ್ಲಿ ಜನ ವಾರ ವಾರ ಬದಲಾಗುತ್ತಾರೆ, ಹಾಗಾಗಿ ಹೆಸರು ನಮೂದಿಸದ ಪಾಲಿಸಿ ಅನುಕೂಲ. ಅದರಲ್ಲಿ ಗಾರೆಯವರು, ಹೆಲ್ಪರ್‌ಗಳು, ಸೆಂಟ್ರಿಂಗ್‌ನವರು ಎಂದು ಕೆಲಸವಾರು ತಲೆ ಎಣಿಕೆಯನ್ನೂ ಒಟ್ಟು ಕೂಲಿಯನ್ನೂ ತೋರಿಸಬೇಕು. ಪ್ರೀಮಿಯಂ ಉಳಿಸಲು ಆರು ಜನ ಅಂತ ಬರೆದು ಹದಿನಾಲ್ಕು ಜನರನ್ನು ಇಟ್ಟುಕೊಂಡರೆ ಕ್ಲೇಮ್ ದಿನ ಸಿಕ್ಕಿಬೀಳುತ್ತೀರಿ. ಆಸ್ಪತ್ರೆ ಖರ್ಚಿನ ರಕ್ಷಣೆ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ, ಕೇಳಿ ಸೇರಿಸಿ. ಎಲ್ಲ ಸೈಟುಗಳ ವಿಳಾಸ ಪಾಲಿಸಿಯಲ್ಲಿ ಇರಲಿ. ಉಪಗುತ್ತಿಗೆಯವರ ಜನರೂ ಸೇರಲಿ. ಟೈಲ್ಸ್‌ನವನ ಹುಡುಗನಿಗೆ ಪೆಟ್ಟಾದರೂ ಕಾನೂನು ಮುಖ್ಯ ಗುತ್ತಿಗೆದಾರನನ್ನೇ ಮೊದಲು ಹಿಡಿಯಬಹುದು. ಆಮೇಲೆ ಟೈಲ್ಸ್‌ನವನಿಂದ ವಸೂಲು ಮಾಡಿಕೊಳ್ಳುವುದು ನಿಮ್ಮ ಪಾಡು.

ಹಾಜರಿ ಪುಸ್ತಕ ಮತ್ತು ಬಟವಾಡೆ ಪುಸ್ತಕ ಇವೆರಡು ಇಲ್ಲದಿದ್ದರೆ ಪಾಲಿಸಿ ಇದ್ದೂ ಇಲ್ಲದಂತೆ. ಸಂತೆ ದಿನ ಬಟವಾಡೆ ಮಾಡುವಾಗ ಹೆಸರು, ವಯಸ್ಸು, ಕೂಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಆಧಾರ್ ಪ್ರತಿ ಒಂದು ಫೈಲಿನಲ್ಲಿರಲಿ. ಸತ್ತವನು ನಮ್ಮ ಕೆಲಸಗಾರನೇ ಎಂದು ತೋರಿಸಲು ಕೊನೆಗೆ ಅದೇ ಆಧಾರ.

ಇದರ ಜೊತೆಗೆ ಪ್ರತಿಯೊಬ್ಬರಿಗೂ ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ ₹20, ಅಪಘಾತದಲ್ಲಿ ಸಾವಾದರೆ ₹2 ಲಕ್ಷ, 18ರಿಂದ 70 ವರ್ಷದವರಿಗೆ. ಹಾಗೆಯೇ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ. ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು, ನೀವು ಕೊಡುವ ಪತ್ರ ಅವರಿಗೆ ಬೇಕಾಗುತ್ತದೆ. ಸತಾಯಿಸದೆ ಕೊಡಿ. ಆದರೆ ಇವೆರಡೂ ನಿಮ್ಮ ಹೊಣೆಯನ್ನು ಒಂದು ರೂಪಾಯಿಯಷ್ಟೂ ಕಡಿಮೆ ಮಾಡುವುದಿಲ್ಲ.

ಹೆಜ್ಜೆ 3: ಕಟ್ಟಡಕ್ಕೂ ಪಕ್ಕದವರಿಗೂ

ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯಲ್ಲಿ ಎರಡು ಭಾಗ. ಮೊದಲನೆಯದು ಕಟ್ಟುತ್ತಿರುವ ಕೆಲಸಕ್ಕೆ ಮತ್ತು ಸೈಟಿನಲ್ಲಿರುವ ಸಾಮಾನಿಗೆ. ಎರಡನೆಯದು ಆ ಕೆಲಸದಿಂದ ಹೊರಗಿನವರ ಜೀವಕ್ಕೆ, ಆಸ್ತಿಗೆ ಆಗುವ ಹಾನಿಗೆ.

ಮೊದಲ ಭಾಗದಲ್ಲಿ ನಾವು ಹೆಚ್ಚು ಎಡವುವುದು ಮೊತ್ತದಲ್ಲಿ. ಇಲ್ಲಿ ಎಷ್ಟೋ ಕೆಲಸ ಲೇಬರ್ ಕಾಂಟ್ರಾಕ್ಟ್, ಸಾಮಾನು ಮಾಲೀಕರದ್ದು. ನಮ್ಮ ಕೂಲಿಯ ಮೊತ್ತಕ್ಕಷ್ಟೇ ವಿಮೆ ಸಾಕು ಅಂತ ಅನಿಸುತ್ತದೆ. ಸಾಲದು. ಕೆಲಸ ಮುಗಿದಾಗ ಕಟ್ಟಡಕ್ಕೆ ಎಷ್ಟು ಬೆಲೆ ಬರುತ್ತದೋ, ಮಾಲೀಕರು ಕೊಡಿಸುವ ಸಾಮಾನೂ ಸೇರಿ, ಅಷ್ಟಕ್ಕೆ ಮಾಡಿಸಬೇಕು. ₹60 ಲಕ್ಷದ ಹೋಂಸ್ಟೇಗೆ ನಮ್ಮ ₹15 ಲಕ್ಷದ ಕೂಲಿಗೆ ಮಾತ್ರ ವಿಮೆ ಮಾಡಿಸಿದ್ದೀರಿ ಅನ್ನಿ. ನಾಲ್ಕರಲ್ಲಿ ಒಂದು ಭಾಗಕ್ಕೆ ಮಾತ್ರ ರಕ್ಷಣೆ. ನಾಳೆ ₹4 ಲಕ್ಷ ನಷ್ಟವಾದರೆ ಅದರಲ್ಲೂ ನಾಲ್ಕರಲ್ಲಿ ಒಂದು ಭಾಗ, ಅಂದರೆ ₹1 ಲಕ್ಷ. ಅದರಲ್ಲೂ ನಾವು ಹೊರಬೇಕಾದ ಪಾಲು, ಎಕ್ಸೆಸ್ ಅನ್ನುತ್ತಾರಲ್ಲ, ಅದು ಕಳೆಯುತ್ತದೆ. ಸಾಮಾನ್ಯವಾಗಿ ಪ್ರವಾಹ, ಭೂಕುಸಿತದಂಥ ಪ್ರಕೃತಿ ವಿಕೋಪಕ್ಕೆ ಈ ಎಕ್ಸೆಸ್ ಬೇರೆ ನಷ್ಟಗಳಿಗಿಂತ ಜಾಸ್ತಿ. ಪ್ರೀಮಿಯಂ ಕಡಿಮೆ ಅಂತ ಖುಷಿಪಡುವ ಮೊದಲು ಆ ಅಂಕಿ ನೋಡಿ. ಮಾಲೀಕರ ಮತ್ತು ನಿಮ್ಮ ಇಬ್ಬರ ಹೆಸರಲ್ಲೂ ಪಾಲಿಸಿ ಇರಲಿ, ಪ್ರೀಮಿಯಂ ಹಂಚಿಕೊಳ್ಳಲು ಮಾತನಾಡಿ. ನಾನು ಈಗ ಎಸ್ಟಿಮೇಟಿನಲ್ಲೇ ಒಂದು ಸಾಲು ಹಾಕಿಬಿಡುತ್ತೇನೆ. 2018ರ ಆಗಸ್ಟ್ ತಿಂಗಳ ಭೂಕುಸಿತ ನೋಡಿದ ಯಾವ ಮಾಲೀಕರೂ ಅದಕ್ಕೆ ತಕರಾರು ತೆಗೆದಿಲ್ಲ.

ಇನ್ನು ಎರಡನೆಯ ಭಾಗ. ನನ್ನನ್ನು ಮುಳುಗಿಸಿದ್ದು ಇದೇ. ಏಜೆಂಟ್ ಮುಂದೆ ಕೂತಾಗ ನೇರವಾಗಿ ಕೇಳಿ: "ಬರೆ ಕೊರೆದು ಮೇಲಿನ ಮನೆ ಕುಸಿದರೆ ಈ ಪಾಲಿಸಿ ಕೊಡುತ್ತದಾ?" ಕಂಪನ, ಆಧಾರ ತೆಗೆಯುವಿಕೆ, ಆಧಾರ ಸಡಿಲವಾಗುವಿಕೆ ಇವನ್ನು ಒಳಗೊಳ್ಳುವ ಹೆಚ್ಚುವರಿ ರಕ್ಷಣೆ ಇದೆ, ಅದನ್ನು ಬರವಣಿಗೆಯಲ್ಲಿ ಸೇರಿಸಿಕೊಳ್ಳಿ. ಅದಕ್ಕೂ ಷರತ್ತುಗಳಿವೆ. ಪಕ್ಕದ ಕಟ್ಟಡ ಕೆಲಸಕ್ಕೆ ಮೊದಲು ಗಟ್ಟಿಯಾಗಿ ಇದ್ದಿರಬೇಕು. ಅದರ ಸ್ಥಿತಿಯ ವರದಿ ನಮ್ಮ ಹತ್ತಿರ ಇರಬೇಕು. ಪೂರ್ತಿಯಾಗಿಯೋ ಭಾಗಶಃವೋ ಕುಸಿದರೆ ಮಾತ್ರ ಪರಿಹಾರ, ಕಟ್ಟಡದ ಬಲ ಕುಗ್ಗಿಸದ ಸಣ್ಣ ಬಿರುಕಿಗೆ ಇಲ್ಲ.

ಹಾಗಾಗಿ ಜೆಸಿಬಿ ಬರುವ ಹಿಂದಿನ ದಿನ ನಾನು ಮೇಲಿನ ಮನೆಗೂ ಕೆಳಗಿನ ಮನೆಗೂ ಹೋಗುತ್ತೇನೆ. ಒಂದು ಕಾಫಿ ಕುಡಿದು, "ಕೆಲಸ ಶುರು ಮಾಡ್ತಾ ಇದ್ದೀವಿ, ಗೋಡೆಗಳ ಫೋಟೋ ತೆಗೀತೀನಿ" ಅಂತ ಹೇಳಿ, ಪ್ರತಿ ಕೋಣೆಯ ನಾಲ್ಕು ಮೂಲೆ, ಈಗಾಗಲೇ ಇರುವ ಬಿರುಕು, ನೆಲ, ಅಂಗಳ ಎಲ್ಲವನ್ನೂ ತೆಗೆಯುತ್ತೇನೆ. ಬಿರುಕಿನ ಪಕ್ಕ ಒಂದು ಸ್ಕೇಲ್ ಇಟ್ಟರೆ ಅಗಲ ಗೊತ್ತಾಗುತ್ತದೆ. ಇಂಜಿನಿಯರ್ ಒಬ್ಬರಿಂದ ಎರಡು ಪುಟ ಬರೆಸಿ, ಮನೆಯವರ ಸಹಿ ಹಾಕಿಸುತ್ತೇನೆ. ಅರ್ಧ ದಿನದ ಕೆಲಸ. ಮುಂದೆ ಜಗಳವಾದರೆ ಇಬ್ಬರಿಗೂ ನ್ಯಾಯ.

ಇದರ ಜೊತೆ ಕೇಳಿ ಸೇರಿಸಬೇಕಾದ್ದು: ಕುಸಿದ ಮಣ್ಣು, ಅವಶೇಷ ತೆಗೆಸುವ ಖರ್ಚು. ಕೊಡಗಿನಲ್ಲಿ ಇದು ಸಣ್ಣ ಮೊತ್ತ ಅಲ್ಲ, ಟಿಪ್ಪರ್ ಲೆಕ್ಕದಲ್ಲಿ ಹೋಗುತ್ತದೆ. ಮಾಲೀಕರ ಹಳೆಯ ಮನೆ ಪಕ್ಕದಲ್ಲೇ ಇದ್ದರೆ ಸುತ್ತಲಿನ ಸ್ವಂತ ಆಸ್ತಿಯ ರಕ್ಷಣೆ. ಕೆಲಸ ಒಪ್ಪಿಸಿದ ನಂತರದ ನಿರ್ವಹಣಾ ಅವಧಿಗೂ ರಕ್ಷಣೆ. ಭೂಕಂಪ ತಾನಾಗಿ ಸೇರಿದೆಯಾ ಎಂದೂ ವಿಚಾರಿಸಿ. 2022ರ ಜೂನ್‌, ಜುಲೈನಲ್ಲಿ ಚೆಂಬು, ಸಂಪಾಜೆ ಕಡೆ ನೆಲ ನಡುಗಿದ್ದು ನೆನಪಿದೆಯಲ್ಲ.

ಈ ಪಾಲಿಸಿ ಕೊಡದೇ ಇರುವುದೂ ಗೊತ್ತಿರಲಿ. ಡಿಸೈನ್ ತಪ್ಪಾಗಿದ್ದರೆ ಆ ತಪ್ಪು ಭಾಗವನ್ನು ಸರಿಪಡಿಸುವ ಖರ್ಚು ಸಿಗುವುದಿಲ್ಲ. ತಡವಾಗಿದ್ದಕ್ಕೆ ಮಾಲೀಕರು ಹಾಕುವ ದಂಡ ಸಿಗುವುದಿಲ್ಲ. ಸ್ಟಾಕ್ ಎಣಿಸುವಾಗ ಕಂಬಿ ಕಡಿಮೆ ಬಂತು ಅಂದರೆ ಅದೂ ಇಲ್ಲ.

ಹೆಜ್ಜೆ 4: ಮಳೆಗಾಲದ ನಿಲುಗಡೆ

ಬೇರೆ ಜಿಲ್ಲೆಯವರಿಗೆ ಇದು ಸಣ್ಣ ವಿಷಯ. ನಮಗೆ ದೊಡ್ಡದು. ಜೂನ್‌ನಿಂದ ಕಕ್ಕಡ ತಿಂಗಳು ಮುಗಿಯುವವರೆಗೆ, ಅಂದರೆ ಆಗಸ್ಟ್ ಮಧ್ಯದವರೆಗೆ, ಎಷ್ಟೋ ಸೈಟುಗಳು ನಿಂತೇ ಇರುತ್ತವೆ. ಕೆಲಸ ನಿಲ್ಲಿಸಿದ್ದರಿಂದ ಆಗುವ ನಷ್ಟವನ್ನು ಆಲ್ ರಿಸ್ಕ್ ಪಾಲಿಸಿ ಹೊರಗಿಡುತ್ತದೆ. ಅಂದರೆ ಕಟ್ಟಡ ಅತಿ ಹೆಚ್ಚು ಅಪಾಯದಲ್ಲಿರುವ ತಿಂಗಳಲ್ಲೇ ತಕರಾರು ಬರುತ್ತದೆ. ಕೆಲಸ ನಿಲ್ಲಿಸುವ ಮೊದಲೇ ಕಂಪನಿಗೆ ಪತ್ರ ಅಥವಾ ಇಮೇಲ್ ಹಾಕಿ. ಎಲ್ಲಿಯವರೆಗೆ ಆಗಿದೆ, ಯಾವ ದಿನದಿಂದ ನಿಲ್ಲುತ್ತದೆ, ಮತ್ತೆ ಯಾವಾಗ ಶುರು, ಏನೇನು ರಕ್ಷಣೆ ಮಾಡಿದ್ದೀರಿ, ಎಲ್ಲವನ್ನೂ ಬರೆದು ರಕ್ಷಣೆ ಮುಂದುವರಿಯುತ್ತದೆ ಎಂಬ ಉತ್ತರ ತರಿಸಿಕೊಳ್ಳಿ.

ಪಾಲಿಸಿಯ ಅವಧಿಯನ್ನು ಆರಂಭದಲ್ಲೇ ಮಳೆಗಾಲ ಸೇರಿಸಿ ಲೆಕ್ಕ ಹಾಕಿ. ನವೆಂಬರ್‌ನಲ್ಲಿ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ ಅಂತ ಬರೆದು, ಮೋಲ್ಡ್ ಹಾಕುವುದು ತಡವಾಗಿ, ಜುಲೈನಲ್ಲಿ ಪಾಲಿಸಿ ಇಲ್ಲದೆ ಕೂತವರನ್ನು ನಾನು ನೋಡಿದ್ದೇನೆ. ಮಳೆ ಬಂದ ಮೇಲೆ ವಿಸ್ತರಿಸಿ ಅಂದರೆ ಕಂಪನಿಯವರು ಸುಲಭಕ್ಕೆ ಒಪ್ಪುವುದಿಲ್ಲ.

ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರೀ ವಾಹನಗಳಿಗೆ, ಮಣ್ಣು ತೆಗೆಯುವುದಕ್ಕೆ ನಿರ್ಬಂಧ ಹಾಕುವುದುಂಟು. ಆದೇಶ ಮೀರಿ ರಾತ್ರಿ ಜೆಸಿಬಿ ಓಡಿಸಿ ಬರೆ ಬಿದ್ದರೆ ಕ್ಲೇಮ್ ಕೈಬಿಟ್ಟ ಹಾಗೇ. ಎಚ್ಚರಿಕೆ ವಹಿಸಬೇಕು ಎಂಬುದು ಪಾಲಿಸಿಯದೇ ಷರತ್ತು.

ಹೆಜ್ಜೆ 5: ಯಂತ್ರ, ಗಾಡಿ, ಗೋಡೌನ್

ಸ್ವಂತ ಜೆಸಿಬಿ ಇದ್ದರೆ ಮೋಟಾರ್ ಪಾಲಿಸಿ ಇದ್ದೇ ಇರುತ್ತದೆ. ಆದರೆ ಕೆಲಸ ಮಾಡುವಾಗ ಮಗುಚಿಬಿದ್ದರೆ ಆ ಪಾಲಿಸಿ ಹಾನಿ ಕೊಡುತ್ತದಾ ಅಂತ ನೋಡಿ. ಯಂತ್ರವಾಗಿ ದುಡಿಯುವಾಗ ಮಗುಚಿದ್ದನ್ನು ಹೆಚ್ಚುವರಿ ದುಡ್ಡು ಕಟ್ಟದಿದ್ದರೆ ಹೊರಗಿಡುತ್ತಾರೆ. ನಮ್ಮ ಇಳಿಜಾರಿನಲ್ಲಿ ಯಂತ್ರ ಹಾಳಾಗುವುದೇ ಹಾಗೆ. ಮಿಕ್ಸರ್, ವೈಬ್ರೇಟರ್, ಲಿಫ್ಟ್ ಇವಕ್ಕೆ ಕಾಂಟ್ರಾಕ್ಟರ್ಸ್ ಪ್ಲಾಂಟ್ ಅಂಡ್ ಮಷಿನರಿ ಪಾಲಿಸಿ ಇದೆ. ಒಳಗಿನ ಎಂಜಿನ್ ಕೆಟ್ಟರೆ ಅದು ಕೊಡುವುದಿಲ್ಲ, ಹೊರಗಿನ ಅಪಘಾತಕ್ಕೆ ಮಾತ್ರ. ಬಾಡಿಗೆ ಯಂತ್ರವಾದರೆ ಅವರ ಪಾಲಿಸಿಯ ಮತ್ತು ಚಾಲಕನ ಲೈಸೆನ್ಸಿನ ಪ್ರತಿ ತೆಗೆದಿಟ್ಟುಕೊಳ್ಳಿ.

ಪಿಕಪ್‌ನಲ್ಲಿ ಜನ ತುಂಬಿಕೊಂಡು ಬರುವುದನ್ನು ದಯವಿಟ್ಟು ನಿಲ್ಲಿಸಿ. ಸರಕು ಗಾಡಿಯ ಪಾಲಿಸಿ ಸುಮ್ನೆ ಹತ್ತಿಸಿಕೊಂಡವರಿಗೆ ರಕ್ಷಣೆ ಕೊಡುವುದಿಲ್ಲ. ಘಾಟಿ ತಿರುವಿನಲ್ಲಿ ಮಗುಚಿದರೆ ಹತ್ತು ಮನೆಯ ಹೊಣೆ ಒಬ್ಬರ ತಲೆ ಮೇಲೆ.

ಗೋಡೌನ್, ಆಫೀಸಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಸಾಕು. ₹5 ಕೋಟಿವರೆಗಿನ ಆಸ್ತಿಗೆ ಅದು. ಬೆಂಕಿ, ಪ್ರವಾಹ, ಭೂಕುಸಿತ ಸೇರಿವೆ. ಕುಶಾಲನಗರದಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗೆ ಕಾವೇರಿ ನುಗ್ಗಿದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಆದರೆ ತುಂಬಿಸಿದ ಮಣ್ಣು ತಾನಾಗಿ ಕುಗ್ಗಿದ್ದಕ್ಕೆ, ಅಗೆತದಿಂದ ನೆಲ ಸರಿದದ್ದಕ್ಕೆ ಅದು ಕೊಡುವುದಿಲ್ಲ.

ಹೆಜ್ಜೆ 6: ಕೊಳ್ಳುವ ದಿನ

ಅರ್ಜಿ ನಮೂನೆಯನ್ನು ಏಜೆಂಟ್ ತುಂಬಲಿ ಅಂತ ಬಿಡಬೇಡಿ. ಇಳಿಜಾರು, ಬರೆಯ ಎತ್ತರ, ಹತ್ತಿರದ ಹೊಳೆ, ಪಕ್ಕದ ಮನೆಯ ದೂರ ಎಲ್ಲವನ್ನೂ ಇದ್ದ ಹಾಗೇ ಬರೆಯಿರಿ. ಸಮತಟ್ಟು ಜಾಗ ಅಂತ ಬರೆದು ಬೆಟ್ಟದಲ್ಲಿ ಕಟ್ಟಿದರೆ ಮುಚ್ಚಿಟ್ಟಿದ್ದಾರೆ ಎಂಬ ಕಾರಣಕ್ಕೆ ಕ್ಲೇಮ್ ಹೋಗುತ್ತದೆ. ಕನಿಷ್ಠ ಎರಡು ಕಡೆ ಕೊಟೇಶನ್ ತೆಗೆದುಕೊಳ್ಳಿ. ಹೋಲಿಸುವಾಗ ಪ್ರೀಮಿಯಂ ಒಂದನ್ನೇ ನೋಡದೆ ಎಕ್ಸೆಸ್, ಸೇರಿಸಿದ ರಕ್ಷಣೆ, ಬಿಟ್ಟ ರಕ್ಷಣೆ ಮೂರನ್ನೂ ಪಕ್ಕ ಪಕ್ಕ ಇಡಿ.

ದುಡ್ಡು ಕಂಪನಿಗೆ ತಲುಪದೆ ರಕ್ಷಣೆ ಶುರುವಾಗುವುದಿಲ್ಲ. ಇದು 1938ರ ವಿಮಾ ಕಾಯ್ದೆಯದೇ ನಿಯಮ. "ನಾಳೆ ಕಟ್ಟಿ, ಪರವಾಗಿಲ್ಲ" ಅಂತ ಯಾರೇ ಹೇಳಿದರೂ ನಂಬಬೇಡಿ. ಚೆಕ್ ಬೌನ್ಸ್ ಆದರೆ ಪಾಲಿಸಿಯೇ ಇಲ್ಲ. ರಸೀದಿ ಕೈಗೆ ಬಂದ ಮೇಲೆ ಜೆಸಿಬಿಗೆ ಫೋನ್ ಮಾಡಿ. ಪಾಲಿಸಿ ಕೈಗೆ ಬಂದ ದಿನ ಕೇಳಿದ್ದೆಲ್ಲ ಅದರಲ್ಲಿ ಇದೆಯಾ ಅಂತ ಸಾಲು ಸಾಲಾಗಿ ಓದಿ. ಇಂಗ್ಲಿಷ್ ಕಷ್ಟವಾದರೆ ಮಗಳನ್ನೋ ತಮ್ಮನನ್ನೋ ಕೂರಿಸಿಕೊಂಡು ಓದಿ.

ಹೆಜ್ಜೆ 7: ಏನಾದರೂ ಆದಾಗ

ಮೊದಲು ಜೀವ. ಆಸ್ಪತ್ರೆ, ಆಮೇಲೆ ಉಳಿದದ್ದು. ಗಾಯ ದೊಡ್ಡದಿದ್ದರೆ ಪೊಲೀಸರಿಗೆ ತಿಳಿಸಿ. ಅದೇ ದಿನ ವಿಮಾ ಕಂಪನಿಗೆ ಫೋನ್ ಮಾಡಿ, ನಂತರ ಬರವಣಿಗೆಯಲ್ಲೂ ಕಳಿಸಿ. ಮತ್ತಷ್ಟು ಕುಸಿಯದಂತೆ ಮರಳು ಚೀಲ, ಟಾರ್ಪಾಲು ಹಾಕುವುದು ನಮ್ಮ ಕರ್ತವ್ಯ, ಅದನ್ನು ಮಾಡಿ. ಆದರೆ ಸರ್ವೇಯರ್ ನೋಡುವ ಮುಂಚೆ ಮಣ್ಣು ಪೂರ್ತಿ ಎತ್ತಿಸಬೇಡಿ. ರಸ್ತೆ ಬಿಡಿಸಲೇಬೇಕಾದರೆ ದಿನಾಂಕ ಬರುವಂತೆ ಫೋಟೋ, ವಿಡಿಯೋ ತೆಗೆದು, ಗ್ರಾಮ ಆಡಳಿತ ಅಧಿಕಾರಿಗೆ (ಹಿಂದಿನ ಗ್ರಾಮ ಲೆಕ್ಕಾಧಿಕಾರಿ) ತಿಳಿಸಿ, ಸ್ಥಳ ಮಹಜರು ಆಗಿದ್ದರೆ ಅದರ ಪ್ರತಿ ಪಡೆಯಿರಿ. ಕಂಪನಿಯನ್ನು ಕೇಳದೆ ಪಕ್ಕದವರಿಗೆ "ಎಲ್ಲಾ ನಾನೇ ಕೊಡ್ತೀನಿ" ಅಂತ ಬರೆದುಕೊಡಬೇಡಿ. ಸಂಕಟದಲ್ಲಿ ಬಾಯಿಗೆ ಬಂದುಬಿಡುತ್ತದೆ, ನನಗೂ ಬಂದಿತ್ತು. ಸಹಾಯ ಬೇರೆ, ಹೊಣೆ ಒಪ್ಪಿ ಬರೆದುಕೊಡುವುದು ಬೇರೆ.

ಕೆಲಸಗಾರರ ಪರಿಹಾರದಲ್ಲಿ ತಡ ಮಾಡಬೇಡಿ. ಒಂದು ತಿಂಗಳು ದಾಟಿದರೆ ಬಡ್ಡಿ ಬೀಳುತ್ತದೆ, ಪರಿಹಾರದ ಅರ್ಧದವರೆಗೆ ದಂಡವೂ ಬೀಳಬಹುದು. ದಂಡ ನಮ್ಮ ಜೇಬಿನಿಂದಲೇ.

ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ, 155255ಕ್ಕೆ ಫೋನ್ ಮಾಡಿಯೂ ದೂರು ಕೊಡಬಹುದು. ಒಂದು ತಿಂಗಳಲ್ಲಿ ಸರಿ ಹೋಗದಿದ್ದರೆ ವಿಮಾ ತಕರಾರು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಒಬ್ಬರೇ ಮಾಲೀಕರಿರುವ ಸಂಸ್ಥೆ, ಸೂಕ್ಷ್ಮ ಉದ್ಯಮಗಳ ದೂರನ್ನೂ ಅವರು ನೋಡುತ್ತಾರೆ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ನಮ್ಮ ಆಫೀಸಿನ ಗೋಡೆ ಕ್ಯಾಲೆಂಡರ್‌ನಲ್ಲಿ ಈಗ ಪ್ರತಿ ಪಾಲಿಸಿಯ ಕೊನೆ ದಿನಕ್ಕೂ ಕೆಂಪು ಸುತ್ತು ಇದೆ, ಅದಕ್ಕೆ ಒಂದು ತಿಂಗಳ ಮುಂಚೆ ನೀಲಿ ಸುತ್ತು. ನೀಲಿ ಸುತ್ತಿನ ದಿನ ಮೇಸ್ತ್ರಿಯೇ ನೆನಪು ಮಾಡುತ್ತಾನೆ. ಮೇ ಮೊದಲ ವಾರಕ್ಕೆ ಇನ್ನೊಂದು ಸುತ್ತು ಹಾಕಿದ್ದೇವೆ. ಅವತ್ತು ಇಬ್ಬರೂ ಸೇರಿ ಎಲ್ಲ ಸೈಟುಗಳ ಬರೆ ನೋಡಿ ಬರುತ್ತೇವೆ. ಮೊದಲು ಹೋಗುವುದು ಆ ಅಕ್ಕನ ಮನೆಯ ಹಿಂದಿನ ತಡೆಗೋಡೆಗೆ.